ಆ ಕರ್ರಗಿನ ಚಿತ್ರ ಮುಖಪುಟಕ್ಕ ಯಾಕ ಹಾಕಿದ್ವಿ ಅಂದ್ರ

ಕುಷ್ಟಗಿ ಕಡಿಂದ ಪತ್ರ ಬರದ ಓದುಗ ಸರ್‌ಗೆ ನಮಸ್ಕಾರ್ರಿ. ಹೋದ ಸಂಚಿಕಿ ಮುಖಪುಟದಾಗ ಡಚ್ ಚಿತ್ರಕಾರ ವ್ಯಾನ್ ಗೋನ ‘ಆಲೂಗಡ್ಡೆ ತಿನ್ನುವವರು’ ಚಿತ್ರ ಹಾಕಿದ್ದು ನಿಮಗ ಸೇರಿಲ್ಲ. ನಮ್ಮ ಕೊಪ್ಪಳದ ಗವಿಮಠದ ಜಾತ್ರಿ ಬಿಟ್ಟು ಯಾವ್ದೋ ದೇಶದ ಬಡವರು ಕತ್ತಲ್ದಾಗ ಕುಂತು ಉಣ್ಣೋದನ್ನ ಯಾಕ ತೋರಸ್ತೀರಿ, ಅವರ ಕೈ ನೋಡಿದ್ರ ಮನುಷ್ಯರ ಕೈ ಅನ್ಸಂಗಿಲ್ಲ, ಬಡತನ ಮಾರ್ಕೋತೀರೇನು ಅಂತ ಕೇಳೀರಿ.

ಕೈ ವಿಷಯ ಮೊದ್ಲ ಮಾತಾಡೋಣ್ರಿ. ನಿಮ್ಮಂಗ ಅಂದವರು ಆಗಲೂ ಇದ್ರು. 1885ರಾಗ ಈ ಚಿತ್ರದ ಕಲ್ಲಚ್ಚಿನ ಪ್ರತಿ ನೋಡಿ ಅವನ ಗೆಳೆಯ ವಾನ್ ರಾಪ್ಪಾರ್ಡ್, ತಾನೂ ಚಿತ್ರಕಾರನ, ಇದೇನು ಕೆಲಸ ಅಂತ ಬೈದು ಬರದಿದ್ದ, ದೋಸ್ತಿನ ಕೆಟ್ಟು ಹೋತು. ಆದ್ರ ವ್ಯಾನ್ ಗೋಗ ಚಂದ ಬರಿಯಾಕ ಬರ್ತಿದ್ದಿಲ್ಲ ಅಂತಲ್ಲ. ನ್ಯೂನೆನ್ ಅನ್ನೋ ಹಳ್ಳ್ಯಾಗ ಆ ಚಳಿಗಾಲ ಪೂರ್ತಿ ಒಕ್ಕಲಿಗರ ಮುಖ ಒಂದಾದ ಮ್ಯಾಲೊಂದು ಬರಕೊಂತ ಕುಂತಿದ್ದ, ಆಮ್ಯಾಲ ಈ ಐದು ಮಂದೀನ ಒಂದು ದೀಪದ ಕೆಳಗ ಕುಂದ್ರಿಸಿದ. ತಮ್ಮ ತೇಓಗ ಬರದ ಪತ್ರದಾಗ ಅವನ ಹೇಳ್ಯಾನ, ಇವರು ತಾಟಿಗೆ ಹಾಕೋ ಕೈಲೇನ ಮಣ್ಣು ಅಗದಾರ, ಈ ಊಟ ದುಡದು ಗಳಿಸಿದ್ದು ಅನ್ನೋದು ಕಾಣ್ಬೇಕು ಅಂತ. ಬಣ್ಣಾನೂ ಹಂಗ, ಸಿಪ್ಪಿ ತಗೀದ, ಮಣ್ಣು ಮೆತ್ತಿದ ಆಲೂಗಡ್ಡಿ ಬಣ್ಣ, ಬೇಕಂತನ ಹಾಕಿದ್ದು. ಅಂಥಾ ಕೈಗೆ ನುಣ್ಣನ್ನ ಬೆರಳು ಬರದಿದ್ರ ಸುಳ್ಳಾಗ್ತಿತ್ತಲ್ರಿ. ನಮ್ಮ ಕಡೆ ಕಬ್ಬಿಣದ ಗುದ್ದಲಿ ಹಿಡದು ಜಡ್ಡುಗಟ್ಟಿದ ಕೈ ರೊಟ್ಟಿ ಮುರದು ಪುಂಡಿಪಲ್ಯಕ್ಕ ಅದ್ದೋದನ್ನ ನೀವೂ ನೋಡೀರಿ, ನಾನೂ ನೋಡೀನಿ.

ಬಡತನ ಮಾರೋದು ಅಂದ್ರಿ. ಅದರಾಗ ಅರ್ಧ ನಿಮ್ಮ ಮಾತು ಒಪ್ತೀನಿ, ಸುಕ್ಕುಗಟ್ಟಿದ ಅಜ್ಜಿ ಬೊಚ್ಚಬಾಯಿಲೆ ನಗೋ ಚಿತ್ರ, ರುಮಾಲು ಸುತ್ತಿದ ಅಜ್ಜನ ಕಣ್ಣೀರು, ಇವನ್ನ ಹೋಟೆಲ್ ಗ್ವಾಡಿಗೆ ತೂಗ ಹಾಕೋರ ಮ್ಯಾಲೆ ನನಗೂ ಸಿಟ್ಟೈತಿ. ಅವರಿಗೆ ನೋಡೋನ ಅಯ್ಯೋ ಪಾಪ ಬೇಕು. ಈ ಚಿತ್ರದಾಗ ಯಾರಾದ್ರೂ ನಿಮ್ಮ ಕಡೆ ಕೈ ಚಾಚ್ಯಾರೇನು ನೋಡ್ರಿ. ಬಲಗಡೆ ಮುದುಕಿ ಕಾಫಿ ಸುರ್ವಾಕತ್ಯಾಳ, ಎಡಗಡೆ ಇಬ್ಬರು ಒಂದ ತಾಟಿಗೆ ಮುಳ್ಚಮಚ ಹಾಕ್ಯಾರ, ಒಬ್ಬಾಕಿ ಹುಡುಗಿ ನಮಗ ಬೆನ್ನ ಕೊಟ್ಟಾಳ, ಮುಖಾನ ಕಾಣಂಗಿಲ್ಲ. ನಾವು ನೋಡಾಕತ್ತೀವಿ ಅನ್ನೋ ಖಬರೂ ಅವರಿಗಿಲ್ಲ.

ಇನ್ನ ಜಾತ್ರಿ. ಹಂಪಿ ವಿರೂಪಾಕ್ಷನ ಗುಡಿ ರಂಗಮಂಟಪದ ಛತ್ತಿನ ಚಿತ್ರದಾಗ ವಿದ್ಯಾರಣ್ಯರ ಮೆರವಣಿಗಿ ಐತಿ, ಪಲ್ಲಕ್ಕಿ ಹೊತ್ತವರೂ ಅದಾರ. ಹೊತ್ತು ಹೊತ್ತು ಹೆಗಲು ನೊಂದು ಆಮ್ಯಾಲ ಅವರು ಎಲ್ಲಿ ಕುಂತು ಏನು ಉಂಡ್ರು, ಅದು ಅಲ್ಲಿಲ್ಲ. ಮೆರವಣಿಗಿ ಬರ್ಯೋರು ಬೇಕಾದಷ್ಟು ಮಂದಿ ಅದಾರ್ರಿ, ಜಾತ್ರಿ ಫೋಟೋ ಅಂತೂ ಎಲ್ಲಾರ ಮೊಬೈಲ್‌ನಾಗ ಐತಿ, ನಮಗ ಆ ಊಟ ಬೇಕಿತ್ತು.

ಮುಂದಿನ ಸಂಚಿಕಿಗೆ ಫ್ರಾನ್ಸಿನ ಚಿತ್ರಕಾರ ಮಿಲ್ಲೆ 1857ರಾಗ ಬರದ ತೆನಿ ಆಯೋ ಹೆಣ್ಮಕ್ಕಳ ಚಿತ್ರ ಇಟ್ಟೀವಿ. ಮೂರು ಮಂದಿ ಬಗ್ಗಿ ಕೊಯ್ಲು ಮುಗದ ಹೊಲದಾಗ ಬಿದ್ದ ಕಾಳು ಆರಸ್ತಾರ, ದೂರದಾಗ ಬಣವಿ, ಕುದುರಿ ಮ್ಯಾಲೊಬ್ಬ ಮೇಲ್ವಿಚಾರಕ. ನಿಮ್ಮ ಕಡೆ ಶೇಂಗಾ ಕಿತ್ತ ಹೊಲದಾಗ ಉಳದ ಕಾಯಿ ಆಯೋರ ಒಂದು ಫೋಟೋ ಸಿಕ್ರ ಕಳಸ್ರಿ, ಪಕ್ಕದಾಗ ಅಚ್ಚು ಹಾಕ್ತೀವಿ. ಅವರನ್ನ ಕೇಳಿ ತಗೀರಿ.