ಆರ್‌ವಿ ಪ್ರವಾಸದಲ್ಲಿ ಹಳೆಯ ರೈಲು

ಪ್ರಶ್ನೆ: ಮಗ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಆರ್‌ವಿ (ಮಲಗಲು, ಅಡುಗೆಗೆ ಜಾಗವಿರುವ ವಾಹನ) ಬಾಡಿಗೆಗೆ ಪಡೆದು ನೆವಾಡಾ ದಾಟಿ ಯೂಟಾ ಕಡೆ ಹೋಗುವ ಯೋಚನೆ. ನಮ್ಮ ಯಜಮಾನರು ರೈಲ್ವೆಯಿಂದ ನಿವೃತ್ತರಾದವರು. ದಾರಿಯಲ್ಲಿ ಒಳ್ಳೆಯ ರೈಲ್ವೆ ಮ್ಯೂಸಿಯಂ ಇದೆಯೇ?

ಉತ್ತರ: ಇದೆ, ಅದೂ ಅವರಿಗೇ ಮಾಡಿಸಿದ ಹಾಗಿದೆ! ಹೆದ್ದಾರಿ 50ರಲ್ಲೇ ಹೋಗಿ, ಈಲಿ ಎಂಬ ಸಣ್ಣ ಊರಲ್ಲಿ ನೆವಾಡಾ ನಾರ್ದರ್ನ್ ರೈಲ್ವೆ ಸಿಗುತ್ತದೆ. ತಾಮ್ರದ ಅದಿರು ಸಾಗಿಸಲು 1906ರಲ್ಲಿ ಮುಗಿಸಿದ ಮಾರ್ಗ ಅದು. ನಮ್ಮ ಮೈಸೂರಿನ ಮ್ಯೂಸಿಯಂನಲ್ಲಿ ಇಂಜಿನ್‌ಗಳು ನಿಂತಿರುತ್ತವೆ ಅಲ್ವಾ, ಇಲ್ಲಿ ಹಳೆಯ ಸ್ಟೇಷನ್, ಯಾರ್ಡ್, ರಿಪೇರಿ ಶೆಡ್ ಎಲ್ಲಾ ಇದ್ದ ಜಾಗದಲ್ಲೇ ಉಳಿದಿವೆ, ಕಲ್ಲಿದ್ದಲು ಉರಿಸಿ ಇಂಜಿನ್ ಓಡಿಸುತ್ತಾರೆ, ನೀವೂ ಹತ್ತಬಹುದು. 1910ರಲ್ಲಿ ಬಾಲ್ಡ್‌ವಿನ್ ಕಾರ್ಖಾನೆ ಕಟ್ಟಿದ 40ನೇ ನಂಬರ್ ಇಂಜಿನ್ ಅಲ್ಲಿನ ರತ್ನ. ಶೆಡ್ ಒಳಗೆ ಎಣ್ಣೆ, ಮಸಿಯ ವಾಸನೆ ಬಂದರೆ ಯಜಮಾನರು ಬೇಗ ಹೊರಗೆ ಬರಲ್ಲ, ಅವಸರ ಮಾಡಬೇಡಿ.

ರೈಲು ದಿನಾ ಓಡುವುದಿಲ್ಲ, ದಿನಾಂಕ ನೋಡಿ ಮೊದಲೇ ಟಿಕೆಟ್ ಮಾಡಿಸಿ. ಅದೇ ಹೆದ್ದಾರಿಯಲ್ಲಿ ಈಲಿಗಿಂತ ಮೊದಲು ಸಿಗುವ ಊರು ಯುರೇಕಾದಿಂದ ಈಲಿಗೆ ಸುಮಾರು 120 ಕಿ.ಮೀ., ನಡುವೆ ಊರೇ ಇಲ್ಲ. ಟ್ಯಾಂಕ್ ತುಂಬಿಸಿಕೊಂಡೇ ಹೊರಡಿ. ಈಲಿ 6,000 ಅಡಿಗಿಂತ ಎತ್ತರದಲ್ಲಿದೆ, ಬೇಸಿಗೆಯ ರಾತ್ರಿಗೂ ಸ್ವೆಟರ್ ಇರಲಿ.