ಪಠ್ಯಪುಸ್ತಕದ ಅಂಚಿನಲ್ಲಿ ಮನೆಯವರು

(ಗುರುತು ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಸಿಬಿಎಸ್‌ಇ ಹನ್ನೆರಡನೆಯ ತರಗತಿಯಲ್ಲಿ ವಾಣಿಜ್ಯ ವಿಷಯಗಳ ಜೊತೆಗೆ ಮನಃಶಾಸ್ತ್ರವನ್ನೂ ಓದುತ್ತಿದ್ದ ಹುಡುಗಿಯನ್ನು ತಂದೆತಾಯಿ ಸಲಹೆಗಾಗಿ ನನ್ನ ಬಳಿಗೆ ಕರೆತಂದಿದ್ದರು. ಮಾನಸಿಕ ಅಸ್ವಸ್ಥತೆಗಳ ಅಧ್ಯಾಯದ ಅಂಚಿನಲ್ಲಿ ಆಕೆ ಪೆನ್ಸಿಲಿನಿಂದ ಬರೆದಿದ್ದುದು ತಾಯಿಯ ಕಣ್ಣಿಗೆ ಬಿದ್ದಿತ್ತು: ಗೀಳು ಕಾಯಿಲೆಯ (ಒಂದೇ ಯೋಚನೆ ಅಥವಾ ಕೆಲಸ ಬಿಡದೆ ಮರುಕಳಿಸುವ ಕಾಯಿಲೆ) ಪಕ್ಕದಲ್ಲಿ "ಅಮ್ಮ, ಗ್ಯಾಸ್", ಖಿನ್ನತೆಯ ಪಕ್ಕದಲ್ಲಿ "ಅಜ್ಜಿ", ಆತಂಕದ ಪಕ್ಕದಲ್ಲಿ "ನಾನು". ಬೀಗ ಹಾಕಿದ ಮೇಲೂ ಒಮ್ಮೆ ಒಳಗೆ ಹೋಗಿ ರೆಗ್ಯುಲೇಟರ್ ನೋಡಿಬರುವ ಅಭ್ಯಾಸವಿದ್ದ ಆ ತಾಯಿಗೆ ಇದು ಬಹಳ ನೋವು ತಂದಿತ್ತು. "ಈ ಸಬ್ಜೆಕ್ಟೇ ಬಿಡಿಸಿಬಿಡೋಣ ಮೇಡಂ" ಎಂದರು ತಂದೆ.

ಹುಡುಗಿಯೊಡನೆ ಪ್ರತ್ಯೇಕವಾಗಿ ಕುಳಿತು ಮೊದಲು ನಿದ್ರೆ, ಊಟ, ಬದುಕಿನ ಬಗ್ಗೆ ಬೇಸರ, ಸಾಯುವ ಯೋಚನೆ ಇವನ್ನೆಲ್ಲ ನೇರವಾಗಿಯೇ ವಿಚಾರಿಸಿದೆ, ಚಿಂತಿಸಬೇಕಾದದ್ದೇನೂ ಕಾಣಲಿಲ್ಲ. ಪ್ರಾಯೋಗಿಕ ತರಗತಿಯಲ್ಲಿ ಮಾಡಿದ, ಆತಂಕದ ಮಟ್ಟವನ್ನು ಅಳೆಯುವ ಪರೀಕ್ಷೆಯಲ್ಲಿ ತನ್ನ ಅಂಕ ಹೆಚ್ಚು ಬಂದುದರಿಂದ ಆಕೆ ಹೆದರಿದ್ದಳು. ಆ ಪರೀಕ್ಷೆ ನಡೆದದ್ದು ಯೂನಿಟ್ ಟೆಸ್ಟಿನ ವಾರದಲ್ಲಿ ಎಂಬುದನ್ನು ಆಕೆ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ರೋಗಲಕ್ಷಣಗಳನ್ನು ಓದುವಾಗ ಅವೆಲ್ಲ ತನ್ನಲ್ಲೇ ಇವೆ ಅನ್ನಿಸುವುದು ವೈದ್ಯಕೀಯ ವಿದ್ಯಾರ್ಥಿಗಳಲ್ಲೂ ಸಾಮಾನ್ಯ.

ನಾನು ಅದೇ ಅಧ್ಯಾಯದ ಆರಂಭವನ್ನು ತೆರೆಸಿದೆ. ರೂಢಿಗಿಂತ ಭಿನ್ನವಾಗಿರುವುದಷ್ಟೇ ಸಾಲದು, ಅದರಿಂದ ಸಂಕಟವಾಗುತ್ತಿದೆಯೇ, ದಿನನಿತ್ಯದ ಕೆಲಸ ಕೆಡುತ್ತಿದೆಯೇ, ಅಪಾಯವಿದೆಯೇ ಎಂದೂ ನೋಡಬೇಕೆಂದು ಅಲ್ಲಿದೆ. ಗೀಳು ಕಾಯಿಲೆಯಲ್ಲಿ ಇಂಥ ಪರಿಶೀಲನೆ ಸಾಮಾನ್ಯವಾಗಿ ದಿನಕ್ಕೆ ಒಂದು ಗಂಟೆಗೂ ಹೆಚ್ಚು ಹೊತ್ತನ್ನು ನುಂಗುತ್ತದೆ, ಇಲ್ಲವೇ ತೀವ್ರ ಯಾತನೆ ಕೊಡುತ್ತದೆ. ಹಲವು ವಿಷಯಗಳ ಬಗ್ಗೆ ಅತಿಯಾದ ಚಿಂತೆ ಬಿಡದೆ ಕಾಡುವ ಸಾಮಾನ್ಯೀಕೃತ ಆತಂಕದ ಕಾಯಿಲೆ ಎನ್ನಲು ಕನಿಷ್ಠ 6 ತಿಂಗಳ ಅವಧಿ ಬೇಕು. ಅಮ್ಮನ ರೆಗ್ಯುಲೇಟರಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳಿದಾಗ ಆಕೆಗೇ ನಗು ಬಂತು. ಅಜ್ಜಿಯ ವಿಷಯದಲ್ಲಿ ಮಾತ್ರ ನಾನು ನಗಲಿಲ್ಲ. ತಾತ ತೀರಿಕೊಂಡ ಮೇಲೆ ಅವರು ಊಟ ಕಡಿಮೆ ಮಾಡಿದ್ದಾರೆ, ಯಾರೊಡನೆಯೂ ಮಾತಿಲ್ಲ ಎಂದು ತಿಳಿದು, ಮನೋವೈದ್ಯರಿಗೆ ತೋರಿಸುವಂತೆ ತಂದೆಗೆ ಹೇಳಿದೆ.

ವಿಷಯ ಬಿಡಿಸುವುದು ಬೇಡವೆಂದೆ. 70 ಅಂಕಗಳ ಲಿಖಿತ ಪರೀಕ್ಷೆಯಲ್ಲದೆ 30 ಅಂಕಗಳ ಪ್ರಾಯೋಗಿಕ ಭಾಗವೂ ಇರುವ ಈ ವಿಷಯದಲ್ಲಿ ಆಕೆಗೆ ನಿಜವಾದ ಆಸಕ್ತಿಯಿದೆ. ಪ್ರಾಯೋಗಿಕ ಭಾಗಕ್ಕಾಗಿ ಒಬ್ಬರನ್ನು ಮಾತನಾಡಿಸಿ ಬರೆಯುವ ವ್ಯಕ್ತಿ ಅಧ್ಯಯನಕ್ಕೆ ಮನೆಯವರನ್ನು ಆರಿಸಬಾರದು, ಒಪ್ಪಿಗೆ ಪಡೆದೇ ಮಾತನಾಡಿಸಬೇಕು, ಆತಂಕ ಪರೀಕ್ಷೆಯಂಥವುಗಳ ಅಂಕವನ್ನು ಶಿಕ್ಷಕರೊಡನೆ ಕುಳಿತು ಆಯಾ ಪರೀಕ್ಷೆಯ ಕೈಪಿಡಿಯ ಮಾನದಂಡದಂತೆ ಓದಬೇಕು ಎಂದು ಆಕೆಗೆ ತಿಳಿಸಿದೆ. ಮನೋವೈದ್ಯೆಯಾಗಲು ಎಂಬಿಬಿಎಸ್ ಬೇಕು, ಅದಕ್ಕೆ ಹನ್ನೆರಡನೆಯ ತರಗತಿಯ ಮಟ್ಟದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿರಬೇಕು, ವಾಣಿಜ್ಯ ವಿಷಯಗಳಷ್ಟೇ ಸಾಲದು. ಚಿಕಿತ್ಸಾ ಮನಃಶಾಸ್ತ್ರಜ್ಞೆಯಾಗಲು ಪದವಿಯ ನಂತರವೂ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯುಳ್ಳ ತರಬೇತಿ ಬೇಕು ಎಂಬುದನ್ನೂ ತಂದೆಗೆ ಸ್ಪಷ್ಟಪಡಿಸಿದೆ.

ಮುಂದಿನ ಭೇಟಿಗೆ ಬಂದಾಗ ಹುಡುಗಿ ತಾಯಿಯ ಕ್ಷಮೆ ಕೇಳಿದ್ದಳು. ತಾಯಿಯ ಮುನಿಸು ಪೂರ್ತಿ ಇಳಿದಿರಲಿಲ್ಲ. ಅಜ್ಜಿಗೆ ಚಿಕಿತ್ಸೆ ಆರಂಭವಾಗಿತ್ತು.