16 ಪಟ್ಟು ವೇಗದಲ್ಲಿ ಪಾತ್ರಗಳು ಊಟದ ಪಕ್ಕದಲ್ಲೇ ಸಾಯುವುದೇಕೆ

ಗೊಡಾಟ್ 4 ಎಂಬ ಗೇಮ್ ಎಂಜಿನ್‌ನಲ್ಲಿ ಮಾಡಿದ ನಿಮ್ಮ ಹಳ್ಳಿ ಆಟ ಮಾಮೂಲಿ ವೇಗದಲ್ಲಿ ಸರಿಯಾಗಿದೆ, 16 ಪಟ್ಟಿಗೆ ಏರಿಸಿದರೆ ಪಾತ್ರಗಳು ತಟ್ಟೆಯ ಪಕ್ಕದಲ್ಲೇ ಅದುರುತ್ತಾ ನಿಂತು ಹಸಿವಿನಿಂದ ಸಾಯುತ್ತವೆ, ಹಸಿವಿನ ದರ ಇಳಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ದರ ಮುಟ್ಟಬೇಡಿ. ತಪ್ಪು ಅಲ್ಲೇ ಉಳಿಯುತ್ತದೆ, ಆಟ ಮಾತ್ರ ಸಪ್ಪೆಯಾಗುತ್ತದೆ.

"ಅದುರುತ್ತವೆ" ಅಂದಿರಲ್ಲ, ಅದೇ ಸುಳಿವು. ಎಂಜಿನ್‌ನ ಟೈಮ್ ಸ್ಕೇಲ್ (ಆಟದ ಕಾಲ ಎಷ್ಟು ಪಟ್ಟು ಓಡಬೇಕೆಂಬ ಸೆಟ್ಟಿಂಗ್) ಏರಿಸಿದರೆ ಫಿಸಿಕ್ಸ್ ಟಿಕ್‌ಗಳು (ಎಂಜಿನ್ ಚಲನೆಯ ಲೆಕ್ಕ ಹಾಕುವ ಸುತ್ತುಗಳು) ಹೆಚ್ಚುವುದಿಲ್ಲ, ಸೆಕೆಂಡಿಗೆ ಅದೇ 60. ಹಿಗ್ಗುವುದು ಪ್ರತಿ ಟಿಕ್‌ನ ಡೆಲ್ಟಾ, ಅಂದರೆ ಒಂದು ಟಿಕ್‌ನಲ್ಲಿ ಸಾಗುವ ಆಟದ ಸಮಯ. ಪಾತ್ರದ ವೇಗ ಸೆಕೆಂಡಿಗೆ 100 ಪಿಕ್ಸೆಲ್ ಅಂದುಕೊಳ್ಳಿ: ಮಾಮೂಲಿಯಾಗಿ ಒಂದು ಹೆಜ್ಜೆ 1.67 ಪಿಕ್ಸೆಲ್, 16 ಪಟ್ಟಿನಲ್ಲಿ 26.7. ಪಾತ್ರಕ್ಕೆ ದಾರಿ ಹುಡುಕಿಕೊಡುವ ನ್ಯಾವಿಗೇಶನ್ ಏಜೆಂಟ್ 2ಡಿ "ಗುರಿ ಮುಟ್ಟಿತು" ಎನ್ನುವ ಅಂತರ, ನೀವು ಬದಲಿಸದಿದ್ದರೆ, 10 ಪಿಕ್ಸೆಲ್. ಅಂದರೆ ತಟ್ಟೆಯ ಸುತ್ತ 20 ಪಿಕ್ಸೆಲ್ ಅಗಲದ ವೃತ್ತ. 26.7ರ ಹೆಜ್ಜೆ ಅದನ್ನು ಹಾರಿ ಆಚೆ ಬೀಳುತ್ತದೆ, ಮುಂದಿನ ಟಿಕ್‌ಗೆ ತಿರುಗಿ ಈಚೆ ಬೀಳುತ್ತದೆ. ಅಷ್ಟರಲ್ಲಿ ಹಸಿವು ಏರುತ್ತಲೇ ಇರುತ್ತದೆ.

ಸರಿಪಡಿಸಲು ಟೈಮ್ ಸ್ಕೇಲ್ ಬಿಟ್ಟು ನಿಮ್ಮದೇ ಟಿಕ್ ಬರೆಯಿರಿ. ಒಂದು ಟಿಕ್ ಎಂದರೆ ಯಾವಾಗಲೂ ಆಟದ 0.1 ಸೆಕೆಂಡ್. ಫ್ರೇಮ್‌ನ ಡೆಲ್ಟಾವನ್ನು ವೇಗದಿಂದ ಗುಣಿಸಿ ಒಂದು ಚರಕ್ಕೆ ಕೂಡಿಸುತ್ತಾ ಹೋಗಿ, ಅದರಲ್ಲಿ 0.1 ಇರುವಷ್ಟು ಸಲ ಟಿಕ್ ಓಡಿಸಿ ಕಳೆಯಿರಿ. ಒಂದು ಫ್ರೇಮ್‌ಗೆ 10 ಟಿಕ್ ಮೀರದಂತೆ ಮಿತಿ ಹಾಕಿ, ಇಲ್ಲದಿದ್ದರೆ ನಿಧಾನವಾದ ಕಂಪ್ಯೂಟರ್‌ನಲ್ಲಿ ಬಾಕಿ ಬೆಳೆದು ಆಟ ಹೆಪ್ಪುಗಟ್ಟುತ್ತದೆ. ನಡಿಗೆಗೆ ಮೂವ್ ಟುವರ್ಡ್ ಫಂಕ್ಷನ್ ಬಳಸಿ, ಅದು ಗುರಿಯನ್ನು ಎಂದೂ ದಾಟುವುದಿಲ್ಲ.

ಇದಾದ ಮೇಲೂ ಒಂದಿಬ್ಬರು ಸತ್ತರೆ ಕಾರಣ ಬೇರೆ ಇರುತ್ತದೆ. ಪಾತ್ರದ ತಲೆಯ ಮೇಲೊಂದು ಲೇಬಲ್ ಇಟ್ಟು ಈಗಿನ ಕೆಲಸ, ಮೊದಲ ಮೂರು ಆಯ್ಕೆಗಳ ಅಂಕ (ಯಾವ ಕೆಲಸ ಎಷ್ಟು ತುರ್ತು ಎಂಬ ಸಂಖ್ಯೆ, ಹೆಚ್ಚಿರುವುದನ್ನೇ ಪಾತ್ರ ಆರಿಸುತ್ತದೆ), ಗುರಿಯ ಐಡಿ ತೋರಿಸಿ. ಕೆಲಸ ಬದಲಾದಾಗಲೆಲ್ಲ ಲಾಗ್‌ಗೆ ಒಂದು ಸಾಲು ಹೋಗಲಿ:

ಟಿಕ್ 48210 | ಪಾತ್ರ 7 | ಊಟ 0.71 ನಿದ್ದೆ 0.72 | ಊಟ → ನಿದ್ದೆ

ನಾಲ್ಕು ಟಿಕ್ ಕಳೆದು ಇದರ ತಿರುವುಮುರುವು ಕಂಡರೆ ಪಾತ್ರ ಅಡುಗೆಮನೆಗೂ ಹಾಸಿಗೆಗೂ ನಡುವೆ ತೂಗಾಡುತ್ತಿದೆ. ಕೈಲಿರುವ ಕೆಲಸದ ಅಂಕಕ್ಕೆ 0.1 ಹೆಚ್ಚು ಕೊಡಿ, ನಿಲ್ಲುತ್ತದೆ. "ಊಟ 0.95, ಗುರಿ ಇಲ್ಲ" ಎಂದು ಬಂದರೆ ತಟ್ಟೆಯ ಕಾಯ್ದಿರಿಸುವಿಕೆ (ಈ ತಟ್ಟೆ ಇಂಥ ಪಾತ್ರದ್ದು ಎಂಬ ಗುರುತು) ನೋಡಿ. ಸಾಯುವಾಗ ಅಥವಾ ಮನಸ್ಸು ಬದಲಿಸುವಾಗ ಅದನ್ನು ಬಿಡಿಸದಿದ್ದರೆ ಸತ್ತವನ ಹೆಸರಲ್ಲೇ ತಟ್ಟೆ ಬೀಗ ಹಾಕಿಕೊಂಡಿರುತ್ತದೆ. ಜೀವಿಗಳ ಆಟದಲ್ಲಿ ಈ ತಪ್ಪು ತುಂಬಾ ಸಾಮಾನ್ಯ, ಹುಡುಕುವುದು ಕಷ್ಟ. ಬಿಡಿಸುವ ಕೋಡ್ ಒಂದೇ ಫಂಕ್ಷನ್‌ನಲ್ಲಿರಲಿ, ಕೆಲಸ ಮುಗಿಯುವ ಎಲ್ಲ ದಾರಿಯೂ ಅದರ ಮೂಲಕವೇ ಹೋಗಲಿ.

ಅದೇ ಸಾವು ಮತ್ತೆ ಬರುವಂತೆ ಮಾಡಲು ಎಲ್ಲ ಯಾದೃಚ್ಛಿಕ ಸಂಖ್ಯೆಗಳನ್ನೂ ಒಂದೇ ರ‍್ಯಾಂಡಮ್ ನಂಬರ್ ಜನರೇಟರ್‌ನಿಂದ, ಗೊತ್ತಿರುವ ಸೀಡ್‌ನೊಂದಿಗೆ (ಸರಣಿ ಶುರುವಾಗುವ ಮೂಲ ಸಂಖ್ಯೆ) ತೆಗೆಯಿರಿ. ಸೇವ್ ಫೈಲ್‌ನಲ್ಲಿ ಸೀಡ್ ಜೊತೆ ಸ್ಟೇಟ್ (ಸರಣಿ ಈಗ ಎಲ್ಲಿಗೆ ಬಂದಿದೆ ಎಂಬುದು) ಕೂಡ ಬರೆಯಿರಿ. ಲೋಡ್ ಮಾಡುವಾಗ ಮೊದಲು ಸೀಡ್, ಆಮೇಲೆ ಸ್ಟೇಟ್. ಕ್ರಮ ತಲೆಕೆಳಗಾದರೆ ಸೀಡ್ ಹಾಕಿದ ಕ್ಷಣವೇ ಸ್ಟೇಟ್ ಅಳಿಸಿಹೋಗುತ್ತದೆ.

ಮೊದಲು ಟಿಕ್ ಬದಲಿಸಿ ನೋಡಿ. ಆಮೇಲೂ ಯಾರಾದರೂ ಸತ್ತರೆ ಆ ಪಾತ್ರದ ಲಾಗ್‌ನ ಕೊನೆಯ 20 ಸಾಲು ಇಲ್ಲಿ ಹಾಕಿ.